ನಿಮಗಿದು ಗೊತ್ತೇ? ರಸ್ತೆಯ ಅಡಿಯಲ್ಲೊಂದು ಕಾಲುದಾರಿ

ಗದ್ವಾಲ ಸೀಮೆಯ ರಾಜೋಳಿಯ ದಂಡೆಗೆ ತಾಗಿ ಹರಿಯುವ ತುಂಗಭದ್ರೆಯ ಹೆಸರು ಹೊತ್ತ ಎರಡು ಯಂತ್ರಗಳು ಬೆಂಗಳೂರಿನ ನೆಲವನ್ನು ಕೊರೆದಿವೆ. ಒಂದರ ಹೆಸರು ತುಂಗಾ, ಇನ್ನೊಂದರದು ಭದ್ರಾ. ಡೇರಿ ವೃತ್ತದಿಂದ ನಾಗವಾರದವರೆಗಿನ ‘ನಮ್ಮ ಮೆಟ್ರೊ’ ಗುಲಾಬಿ ಮಾರ್ಗದ ಸುರಂಗ ಕೊರೆಯಲು ಒಟ್ಟು ಒಂಬತ್ತು ಯಂತ್ರಗಳು ಇಳಿದಿದ್ದವು. 2024ರ ಅಕ್ಟೋಬರ್‌ನಲ್ಲಿ ಆ ಕೆಲಸ ಮುಗಿಯುವ ಹೊತ್ತಿಗೆ ಅವೆಲ್ಲ ಸೇರಿ ಸುಮಾರು 21 ಕಿ.ಮೀ. ಕೊರೆದಿದ್ದವು. ಅದಕ್ಕೂ ಮೊದಲು, ಮೊದಲ ಹಂತದಲ್ಲಿ, ನಗರದ ಕೆಳಗೆ ಸಾಗಿದವು ಕೃಷ್ಣಾ, ಕಾವೇರಿ, ಗೋದಾವರಿ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಡಿಗಡ್ಡ ಸೀಮೆಯವರು ಬೆಂಗಳೂರಿಗೆ ಹೋದಾಗ ಕಾಲಡಿಯಲ್ಲಿ ತಮ್ಮೂರ ನದಿಗಳ ಹೆಸರುಗಳಿವೆ ಎಂದು ನೆನೆಯಬಹುದು.

ಮೆಟ್ರೊ ಸುರಂಗ ರೈಲಿಗಷ್ಟೇ ಎಂದುಕೊಳ್ಳಬೇಡಿ. ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ವಿಧಾನಸೌಧದಂಥ ನೆಲದಡಿಯ ನಿಲ್ದಾಣಗಳಿಗೆ ರಸ್ತೆಯ ಬೇರೆ ಬೇರೆ ಬದಿಗಳಲ್ಲಿ ಬಾಗಿಲುಗಳಿವೆ. ಟಿಕೆಟ್ ಗೇಟಿನ ಈಚೆಗೇ ನಡೆದು ಎದುರು ಬದಿಯಲ್ಲಿ ಮೇಲೆ ಬರಬಹುದು. ಇಂದಿನ ಬೆಂಗಳೂರಿನಲ್ಲಿ ದೀಪ, ಎಸ್ಕಲೇಟರ್, ಕಾವಲುಗಾರರು ಎಲ್ಲವೂ ಇರುವ ಪಾದಚಾರಿ ಸುರಂಗಗಳೆಂದರೆ ನನ್ನ ಲೆಕ್ಕದಲ್ಲಿ ಇವೇ.

ಹೈದರಾಬಾದ್ ಮೆಟ್ರೊ ಇದಕ್ಕೆ ತದ್ವಿರುದ್ಧ. 2017ರಲ್ಲಿ ಶುರುವಾದ ಅದರ ಮೊದಲ ಹಂತ ಪೂರ್ತಿ ಕಂಬಗಳ ಮೇಲೆಯೇ ಇದೆ. ಅಲ್ಲಿ ರಸ್ತೆ ದಾಟಲು ನಿಲ್ದಾಣ ಹತ್ತಬೇಕು.

ಹತ್ತುವುದು ಸುಲಭವೋ, ಇಳಿಯುವುದೋ? ಲೆಕ್ಕ ಹಾಕಿ ನೋಡೋಣ. ನಗರದ ರಸ್ತೆಯ ಮೇಲೆ ಸೇತುವೆ ಕಟ್ಟಿದರೆ ಲಾರಿ, ಬಸ್ಸುಗಳಿಗಾಗಿ 5.5 ಮೀಟರ್ ಎತ್ತರ ಬಿಡಬೇಕು. ಸೇತುವೆಯ ದಪ್ಪವೂ ಸೇರಿದರೆ ಕಾಲಿಡುವ ಜಾಗ ನೆಲದಿಂದ 6 ಮೀಟರ್ ಮೇಲಿರುತ್ತದೆ. 15 ಸೆಂ.ಮೀ.ಗೆ ಒಂದು ಮೆಟ್ಟಿಲು ಎಂದರೆ 40 ಮೆಟ್ಟಿಲು. ಸುರಂಗದಲ್ಲಿ ಹೋಗುವುದು ಮನುಷ್ಯ ಮಾತ್ರ. ಅವನಿಗೆ 2.5 ಮೀಟರ್ ಎತ್ತರ ಸಾಕು. ಚಾವಣಿ ಮತ್ತು ಅದರ ಮೇಲಿನ ಮಣ್ಣು, ಡಾಂಬರಿಗೆ ಇನ್ನೊಂದು ಮೀಟರ್ ಸೇರಿಸಿ. ಮೂರೂವರೆ ಮೀಟರ್, ಅಂದರೆ ಸುಮಾರು 23 ಮೆಟ್ಟಿಲು. ಮಂಡಿನೋವಿನ ಅಜ್ಜಿಗೆ, ಬಸುರಿಗೆ, ತಲೆಯ ಮೇಲೆ ಸೀರೆಯ ಗಂಟು ಹೊತ್ತ ನೇಕಾರರಿಗೆ ಈ 17 ಮೆಟ್ಟಿಲುಗಳ ಅಂತರ ಸಣ್ಣದಲ್ಲ. ಆದರೂ ನಮ್ಮ ನಗರಗಳಲ್ಲಿ ಸ್ಕೈವಾಕ್‌ಗಳೇ ಹೆಚ್ಚು. ಕಬ್ಬಿಣದ ಸೇತುವೆಯನ್ನು ರಸ್ತೆ ಅಗೆಯದೆ ತಂದು ನಿಲ್ಲಿಸಬಹುದು, ಅದರ ಮೇಲೆ ಜಾಹೀರಾತು ಫಲಕವನ್ನೂ ಹಾಕಬಹುದು.

ಗಾಲಿಕುರ್ಚಿಗೆ ಮೆಟ್ಟಿಲು ಆಗದು, ಇಳಿಜಾರು ಬೇಕು. ನಿಯಮದ ಪ್ರಕಾರ ಅದು 1:12ಕ್ಕಿಂತ ಹೆಚ್ಚು ಕಡಿದಾಗಿರಬಾರದು. ಒಂದು ಮೀಟರ್ ಇಳಿಯಲು 12 ಮೀಟರ್ ಉದ್ದ ಬೇಕು. ಮೂರೂವರೆ ಮೀಟರ್ ಆಳಕ್ಕೆ 42 ಮೀಟರ್, ನಡುವೆ ನಿಂತು ದಣಿವಾರಿಸಿಕೊಳ್ಳುವ ಸಮತಟ್ಟು ಜಾಗ ಬೇರೆ. ಎರಡೂ ಬದಿ ಇಷ್ಟು ಜಾಗ ಬಿಟ್ಟುಕೊಡುವ ಪೇಟೆ ಬೀದಿ ಎಲ್ಲಿದೆ? ಲಿಫ್ಟ್ ಇಟ್ಟರೆ ಜಾಗ ಉಳಿಯುತ್ತದೆ, ಅದನ್ನು ವರ್ಷಗಟ್ಟಲೆ ಕೆಡದಂತೆ ನೋಡಿಕೊಳ್ಳುವವರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ಯಾರ ದಯೆಯೂ ಅಲ್ಲ, ಹಕ್ಕು.

ಇಳಿಜಾರಿಗೆ ದುಡ್ಡು ಸಾಲದೆ ಜಗತ್ಪ್ರಸಿದ್ಧ ಪಾದಚಾರಿ ಸುರಂಗವೊಂದು ಹುಟ್ಟಿಕೊಂಡಿತು. ಲಂಡನ್‌ನ ಥೇಮ್ಸ್ ನದಿಯ ಕೆಳಗೆ ಮಾರ್ಕ್ ಬ್ರುನೆಲ್ 1825ರಲ್ಲಿ ತೋಡಲು ಶುರುಮಾಡಿದ್ದು ಸರಕಿನ ಗಾಡಿಗಳಿಗಾಗಿ. ನದಿ ಒಳನುಗ್ಗಿತು, 1828ರ ಪ್ರವಾಹದಲ್ಲಿ ಆರು ಜನ ಕೂಲಿಗಳು ಸತ್ತರು, ಕಂಪನಿಯ ಹಣ ಖಾಲಿಯಾಗಿ ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ 1843ರ ಮಾರ್ಚ್ 25ರಂದು ತೆರೆದಾಗ ಗಾಡಿ ಇಳಿಯುವ ಇಳಿಜಾರು ಕಟ್ಟಲು ಕಾಸಿರಲಿಲ್ಲ. ಇದ್ದದ್ದು ಮೆಟ್ಟಿಲು ಮಾತ್ರ. ಹಾಗಾಗಿ ನಡೆಯುವವರಿಗೆ ಬಿಟ್ಟುಕೊಟ್ಟರು, ತಲೆಗೊಂದು ಪೆನ್ನಿ ಶುಲ್ಕ. ಮೊದಲ ದಿನವೇ 50 ಸಾವಿರ ಜನ ಇಳಿದು ನಡೆದರು. 396 ಮೀಟರ್ ಉದ್ದದ ಆ ಸುರಂಗದಲ್ಲಿ 1869ರಿಂದ ರೈಲು ಓಡುತ್ತಿದೆ.

ಬ್ರುನೆಲ್‌ಗೆ ಉಪಾಯ ಹೊಳೆದದ್ದು ಹಡಗಿನ ಮರ ಕೊರೆಯುವ ಹುಳದಿಂದ. ಆ ಹುಳ ತಲೆಯ ಚಿಪ್ಪಿನಿಂದ ಕೊರೆಯುತ್ತ, ಹಿಂದೆ ಬಿಟ್ಟ ತೂತಿಗೆ ಸುಣ್ಣದ ಲೇಪ ಹಚ್ಚುತ್ತ ಮುಂದೆ ಹೋಗುತ್ತದೆ. ಬ್ರುನೆಲ್ ಕಬ್ಬಿಣದ ಚೌಕಟ್ಟು ಮಾಡಿಸಿ ಅದರಲ್ಲಿ 36 ಗೂಡುಗಳನ್ನಿಟ್ಟ. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಕೂಲಿ. ಎದುರಿನ ಹಲಗೆ ಒಂದನ್ನು ತೆಗೆದು, ಕೆಲವೇ ಅಂಗುಲ ಮಣ್ಣು ಕೆತ್ತಿ, ಹಲಗೆಯನ್ನು ಮುಂದಕ್ಕಿಟ್ಟು ಬಿಗಿದು ಮುಂದಿನ ಹಲಗೆಗೆ ಕೈಹಾಕಬೇಕು. ಎಲ್ಲರದೂ ಮುಗಿದರೆ ಚೌಕಟ್ಟು ಮುಂದೆ ಸರಿಯುತ್ತದೆ, ಹಿಂದೆ ಗಾರೆಯವರು ಇಟ್ಟಿಗೆ ಕಟ್ಟುತ್ತಾರೆ. ತುಂಗಾ, ಭದ್ರಾ ಯಂತ್ರಗಳು ಮಾಡಿದ್ದೂ ಇದನ್ನೇ. ಗೂಡಿನ ಜನರ ಬದಲು ತಿರುಗುವ ಚಕ್ರ, ಇಟ್ಟಿಗೆಯ ಬದಲು ಕಾಂಕ್ರೀಟಿನ ಬಳೆ.

ಸಡಿಲ ಮರಳು, ಜಲ್ಲಿಯ ನೆಲ ಕುಸಿದರೆ? ಹೆಪ್ಪುಗಟ್ಟಿಸಿ! ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಏರು ದಿಬ್ಬದ ಬೀದಿಯನ್ನು ಹತ್ತಿಳಿಯುವ ಕಷ್ಟ ತಪ್ಪಿಸಲು 1880ರ ದಶಕದಲ್ಲಿ 231 ಮೀಟರ್ ಉದ್ದದ ಬ್ರುಂಕೆಬೆರಿ ಕಾಲುಸುರಂಗ ತೋಡಿದರು. ಮೇಲಿನ ಮನೆಗಳು ಬಿರುಕು ಬಿಡುವ ಭಯ ಹುಟ್ಟಿದಾಗ ಶೀತಲಯಂತ್ರದಿಂದ ಮಣ್ಣಿನೊಳಗಿನ ನೀರನ್ನೇ ಮಂಜುಗಡ್ಡೆ ಮಾಡಿ, ಗಟ್ಟಿಯಾದ ಮಣ್ಣನ್ನು ಕಡಿದು ಮುಂದೆ ಸಾಗಿದರು. 1886ರಲ್ಲಿ ತೆರೆದ ಆ ದಾರಿಯಲ್ಲಿ ಜನ ಇಂದಿಗೂ ನಡೆಯುತ್ತಾರೆ.

ಆದರೆ ಪೇಟೆಯ ಒಂದು ರಸ್ತೆ ದಾಟಿಸಲು ಯಾರೂ ದೈತ್ಯ ಯಂತ್ರ ತರುವುದಿಲ್ಲ. ಅಲ್ಲಿ ನಡೆಯುವುದು ‘ಅಗೆ, ಕಟ್ಟು, ಮುಚ್ಚು’ ಪದ್ಧತಿ. ಅರ್ಧ ರಸ್ತೆ ಮುಚ್ಚಿ ವಾಹನಗಳನ್ನೆಲ್ಲ ಉಳಿದರ್ಧಕ್ಕೆ ತಿರುಗಿಸುತ್ತಾರೆ. ಬದಿಯ ಮಣ್ಣು ಜಾರದಂತೆ ಉಕ್ಕಿನ ತಗಡು ಅಥವಾ ಕಾಂಕ್ರೀಟು ಕಂಬಗಳನ್ನು ಸಾಲಾಗಿ ಇಳಿಸುತ್ತಾರೆ. ತೋಡು ತೋಡಿ, ತಳಕ್ಕೆ ಕಾಂಕ್ರೀಟು ಹಾಕಿ, ಕಂಬಿ ಕಟ್ಟಿ, ಸೆಂಟ್ರಿಂಗ್ ಹೊಡೆದು, ಗೋಡೆ ಮತ್ತು ಚಾವಣಿ ಹಾಕುತ್ತಾರೆ. ಅದು ಬಲಿತ ಮೇಲೆ ಮಣ್ಣು ಮುಚ್ಚಿ, ರಸ್ತೆ ಮಾಡಿ, ವಾಹನಗಳನ್ನು ಅದರ ಮೇಲೆ ಬಿಟ್ಟು ಇನ್ನರ್ಧಕ್ಕೆ ಕೈಹಾಕುತ್ತಾರೆ. ದೇಶದ ಮೊದಲ ಮೆಟ್ರೊ, 1984ರ ಕೋಲ್ಕತ್ತದ್ದು, ಬಹುಪಾಲು ಹೀಗೆಯೇ ಬೀದಿ ಸೀಳಿ ಕಟ್ಟಿದ್ದು. 1972ರಲ್ಲಿ ಶಂಕುಸ್ಥಾಪನೆಯಾದ ಕೆಲಸದ ಮೊದಲ 3.4 ಕಿ.ಮೀ. ಓಡಾಟಕ್ಕೆ ಬರಲು 12 ವರ್ಷ ಹಿಡಿಯಿತು.

ನಿಜವಾದ ತೊಡಕು ಮಣ್ಣಲ್ಲ, ಮಣ್ಣಿನೊಳಗೆ ಹಿಂದಿನವರು ಹುಗಿದಿಟ್ಟದ್ದು. ಕುಡಿಯುವ ನೀರಿನ ಪೈಪು, ಒಳಚರಂಡಿ, ಮಳೆನೀರಿನ ಮೋರಿ, ವಿದ್ಯುತ್ ಕೇಬಲ್, ಇಂಟರ್‌ನೆಟ್ ತಂತಿ. ಹಳೆಯ ಪೇಟೆಗಳಲ್ಲಿ ಇವುಗಳ ನಕ್ಷೆಯೇ ಇರುವುದಿಲ್ಲ, ಇದ್ದರೂ ನೆಲಕ್ಕೂ ಕಾಗದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಮೊದಲು ಅಲ್ಲಲ್ಲಿ ಪರೀಕ್ಷಾ ಗುಂಡಿ ತೋಡಿ ಕೈಯಿಂದಲೇ ಕೆದಕಿ ನೋಡುತ್ತಾರೆ. ಕೇಬಲ್ ಬಗ್ಗಿಸಿ ಪಕ್ಕಕ್ಕಿಡಬಹುದು. ಒಳಚರಂಡಿ ಹಾಗಲ್ಲ, ಅದು ಹರಿಯುವುದು ಇಳಿಜಾರಿನ ಬಲದಿಂದ. ಅದನ್ನು ಎತ್ತಿದರೆ ಹಿಂದಿನ ಬೀದಿಯ ಮನೆಗಳಲ್ಲಿ ಕೊಳಚೆ ಉಕ್ಕುತ್ತದೆ. ಆಗ ಸುರಂಗವನ್ನೇ ಇನ್ನಷ್ಟು ಕೆಳಗಿಳಿಸಬೇಕು, ಆಗ ನಾವು ಮೇಲೆ ಉಳಿಸಿದ ಆ 17 ಮೆಟ್ಟಿಲುಗಳು ಒಂದೊಂದಾಗಿ ವಾಪಸ್ಸು ಬರುತ್ತವೆ.

ರಸ್ತೆಯನ್ನು ಮುಚ್ಚಲೇಬಾರದೆಂದರೆ ಇನ್ನೊಂದು ದಾರಿಯುಂಟು. ಕಾಂಕ್ರೀಟಿನ ಚೌಕ ಪೆಟ್ಟಿಗೆಯನ್ನು ರಸ್ತೆಯ ಪಕ್ಕದ ಗುಂಡಿಯಲ್ಲಿ ಎರಕ ಹೊಯ್ದು, ಹಿಂದಿನಿಂದ ಹೈಡ್ರಾಲಿಕ್ ಜಾಕ್‌ಗಳಿಂದ ತಳ್ಳುತ್ತಾರೆ. ಮುಂದಿನ ಅಂಚಿಗೆ ಉಕ್ಕಿನ ಅಲಗು. ಒಳಗೆ ಬಂದ ಮಣ್ಣನ್ನು ತೆಗೆಯುತ್ತ, ಮತ್ತೆ ತಳ್ಳುತ್ತ ಹೋದರೆ ಪೆಟ್ಟಿಗೆ ಆಚೆ ಬದಿಯಲ್ಲಿ ತಲೆ ಹೊರಹಾಕುತ್ತದೆ. ರೈಲು ಹಳಿಗಳ ಅಡಿಯ ಎಷ್ಟೋ ಕೆಳಸೇತುವೆಗಳು ಹೀಗೆ, ಮೇಲೆ ರೈಲು ಓಡುತ್ತಿರುವಾಗಲೇ ಆದವು.

ನಡೆಯುವವರ ಸುರಂಗದ ಚಾವಣಿ ಎಷ್ಟು ಭಾರ ತಾಳಬೇಕು? ಮುಖ್ಯ ರಸ್ತೆಯಡಿಯಾದರೆ 70 ಟನ್ನಿನ ಟ್ರ್ಯಾಕ್ ಗಾಡಿ, ಅಂದರೆ ಯುದ್ಧ ಟ್ಯಾಂಕಿನಂಥದ್ದು, ಮೇಲೆ ಹೋದರೂ ಬಿರುಕು ಬಿಡಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ‘70ಆರ್’ ಎಂಬ ಲೆಕ್ಕ ಅದು. 100 ಟನ್ನಿನ ಚಕ್ರದ ಗಾಡಿಗೂ ಅದೇ ವರ್ಗದಲ್ಲಿ ಲೆಕ್ಕವಿದೆ.

ಖಾಲಿ ಸುರಂಗ ತೇಲುತ್ತದೆ. ನಂಬಲು ಕಷ್ಟವಾದರೆ ಈ ಲೆಕ್ಕ ನೋಡಿ. ಹೊರಗಿನಿಂದ 5 ಮೀಟರ್ ಅಗಲ, 3.5 ಮೀಟರ್ ಎತ್ತರ, 40 ಸೆಂ.ಮೀ. ದಪ್ಪದ ಕಾಂಕ್ರೀಟು ಪೆಟ್ಟಿಗೆಯ ಒಂದು ಮೀಟರ್ ಉದ್ದದ ತುಂಡು ತೂಗುವುದು ಸುಮಾರು 15.4 ಟನ್. ಅಂತರ್ಜಲ ಚಾವಣಿಯ ಮಟ್ಟಕ್ಕೆ ಏರಿದರೆ ಆ ತುಂಡು ಸರಿಸುವ ನೀರಿನ ತೂಕ 17.5 ಟನ್. ನೀರೇ ಗೆಲ್ಲುತ್ತದೆ, ಪೆಟ್ಟಿಗೆ ದೋಣಿಯ ಹಾಗೆ ಮೇಲೇಳಲು ನೋಡುತ್ತದೆ. ಅದಕ್ಕೇ ತಳದ ಕಾಂಕ್ರೀಟನ್ನು ಪಕ್ಕಕ್ಕೆ ಚಾಚಿ ಅದರ ಮೇಲೆ ಮಣ್ಣು ಹೇರುತ್ತಾರೆ, ಇಲ್ಲವೇ ಬಂಡೆಗೆ ಉಕ್ಕಿನ ಸರಳು ಇಳಿಸಿ ಬಿಗಿಯುತ್ತಾರೆ. ಮೇಲಿನ ಮಣ್ಣು ಮುಚ್ಚುವ ಮೊದಲೇ ಜೋರು ಮಳೆ ಬಂದು ಗುಂಡಿ ತುಂಬಿದರೆ ಎಂಜಿನಿಯರುಗಳಿಗೆ ನಿದ್ದೆ ಬಾರದು.

ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಮುಚ್ಚಿದರೂ ಮಳೆನೀರು ತನ್ನ ಹಳೆಯ ತಗ್ಗನ್ನು ಹುಡುಕಿಕೊಂಡು ಬರುತ್ತದೆ. ಅಲ್ಲಿ ಸುರಂಗವಿದ್ದರೆ ಅದೇ ಹೊಸ ತಗ್ಗು.

ನೀರಿನ ಸಿಟ್ಟು ಏನೆಂಬುದನ್ನು ರಾಜೋಳಿಗೆ ಯಾರೂ ಹೇಳಿಕೊಡಬೇಕಿಲ್ಲ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಊರೊಳಗೆ ನುಗ್ಗಿತು, ಮನೆಗಳ ಜೊತೆ ಗದ್ವಾಲ ಸೀರೆ ನೇಯುವ ಮಗ್ಗಗಳೂ ಮುಳುಗಿದವು. ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ 2023ರ ಮೇ 21ರಂದು ಒಂದು ಮಳೆಗೆ ತುಂಬಿದ ನೀರಿನಲ್ಲಿ ಕಾರು ಸಿಲುಕಿ 22 ವರ್ಷದ ಯುವತಿ ಪ್ರಾಣ ಕಳೆದುಕೊಂಡಳು. ಅದು ವಾಹನಗಳ ಕೆಳದಾರಿ, ಆದರೆ ಪಾಠ ಎಲ್ಲ ಕೆಳದಾರಿಗಳಿಗೂ ಒಂದೇ. ಬಾಯಿಯ ಮೆಟ್ಟಿಲನ್ನು ರಸ್ತೆಗಿಂತ ಎತ್ತರಿಸಬೇಕು. ತಳದಲ್ಲಿ ಸಂಪು ಇರಬೇಕು. ಪಂಪು ಎರಡಿರಬೇಕು, ಒಂದು ಕೆಟ್ಟರೆ ಇನ್ನೊಂದು. ಮಳೆ ಜೋರಾದಾಗಲೇ ಕರೆಂಟು ಹೋಗುವುದರಿಂದ ಜನರೇಟರ್ ಬೇಕು. ಇಷ್ಟಿಲ್ಲದ ಸುರಂಗವನ್ನು ಉದ್ಘಾಟಿಸಲೇಬಾರದು.

ನೆಲದಡಿ ಸಿಗುವುದು ನೀರಷ್ಟೇ ಅಲ್ಲ. 2012ರಲ್ಲಿ ಕೆ.ಆರ್. ಮಾರುಕಟ್ಟೆ ಬಳಿ ಮೆಟ್ರೊಗಾಗಿ ಅಗೆಯುತ್ತಿದ್ದಾಗ ಮಣ್ಣಿನಿಂದ ಎದ್ದು ಬಂದದ್ದು ಎರಡು ಹಳೆಯ ಫಿರಂಗಿಗಳು. ಬೆಂಗಳೂರು ಕೋಟೆ ಇದ್ದದ್ದೇ ಅಲ್ಲಿ. ಅವು ಟಿಪ್ಪುವಿನ ಕಾಲದವು ಎನ್ನಲಾಯಿತು.

ಬೆಂಗಳೂರಿನ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಲಾಲ್‌ಬಾಗ್‌ನ ಗುಡ್ಡದಲ್ಲಿ ಅದನ್ನು ಬರಿಗಣ್ಣಿನಿಂದ ನೋಡಬಹುದು. ಗಟ್ಟಿ ಬಂಡೆಯೊಂದೇ ಆಗಿದ್ದರೆ ಕೊರೆಯುವುದು ಸಲೀಸು. ಇಲ್ಲಿ ಮೆತ್ತನೆ ಮಣ್ಣಿನ ನಡುವೆ ಒಮ್ಮೆಲೇ ಗುಂಡುಕಲ್ಲು ಎದುರಾಗುತ್ತದೆ, ಯಂತ್ರದ ಚಕ್ರ ಅರ್ಧ ಮಣ್ಣಿನಲ್ಲಿ, ಅರ್ಧ ಕಲ್ಲಿನಲ್ಲಿ ತಿರುಗಿ ಹಲ್ಲು ಮುರಿದುಕೊಳ್ಳುತ್ತದೆ. ಮೊದಲ ಹಂತದ ಗೋದಾವರಿ ಯಂತ್ರ ತಿಂಗಳುಗಟ್ಟಲೆ ನೆಲದಡಿ ಸಿಕ್ಕಿಕೊಂಡಿದ್ದು ಹೀಗೆ. ಬಂಡೆಯ ಗುಣ ಓದುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ದೇಶದ ಶಿಲಾಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಆ ಗಣಿಯೂರು ಕೆಜಿಎಫ್‌ನಲ್ಲೇ.

ಬೀದರಿನ ನೌಬಾದ್ ಕರೇಜ್ ನೋಡಿದ್ದೀರಾ? ಬಹಮನಿ ಸುಲ್ತಾನರ ಕಾಲದ ಈ ನೀರಿನ ಸುರಂಗ ಮೂರು ಕಿ.ಮೀ.ನಷ್ಟು ಉದ್ದ, ಮೇಲೆ 21 ಬಾಯಿಗಳು. ಮೊದಲು ಬಾವಿಗಳನ್ನು ಸಾಲಾಗಿ ತೋಡಿ, ಆಮೇಲೆ ತಳದಲ್ಲಿ ಒಂದರಿಂದ ಇನ್ನೊಂದಕ್ಕೆ ಕೊರೆದು ಸೇರಿಸಿದ್ದಾರೆ. ಇಂದಿನ ಮೆಟ್ರೊದವರೂ ನಿಲ್ದಾಣಕ್ಕೊಂದು ದೊಡ್ಡ ಬಾವಿ ತೋಡಿ, ಬಾವಿಯಿಂದ ಬಾವಿಗೆ ಯಂತ್ರ ಬಿಡುತ್ತಾರೆ. ಐದು ಶತಮಾನ ಕಳೆದರೂ ಯೋಚನೆ ಅದೇ.

ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲನ್ನು ಕೈಯಿಂದ ಕೊರೆದು ನೀರು ಹರಿಸುವ ಸುರಂಗಗಳಿವೆ, ಒಬ್ಬ ಮನುಷ್ಯ ನಿಂತು ಪಿಕಾಸಿ ಬೀಸುವಷ್ಟೇ ಅಗಲ. ಒಳಗೆ ದೀಪ ಆರಿದರೆ ಗಾಳಿ ಸಾಲದೆಂದು ತಿಳಿದು ಹೊರಬರಬೇಕು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹಗಲು ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಬೋಳುಗುಡ್ಡ ಕೊರೆದರು. ಒಂದರ ನಂತರ ಒಂದು ಸುರಂಗ ಬರಿದಾದರೂ ಬಿಡದೆ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮತ್ತೆ ನಮ್ಮ ರಸ್ತೆಗೆ ಬರೋಣ. ರಸ್ತೆ ದಾಟುವ ಜಾಗಕ್ಕೆ ಸಿಗ್ನಲ್ ಬೇಕೇ ಬೇಡವೇ ಎಂದು ತೀರ್ಮಾನಿಸಲು ನಮ್ಮಲ್ಲೊಂದು ಸೂತ್ರವಿದೆ. ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ಗಂಟೆಗೆ ಹೋಗುವ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅದು 10 ಕೋಟಿ ದಾಟಿದರೆ, ಡಿವೈಡರ್ ಇದ್ದರೆ 20 ಕೋಟಿ ದಾಟಿದರೆ ವಾಹನಗಳನ್ನು ನಿಲ್ಲಿಸಿ ಜನರನ್ನು ದಾಟಿಸುವ ವ್ಯವಸ್ಥೆ ಬೇಕು. 500 ಜನ, 500 ವಾಹನ ಎಂದರೆ ಗುಣಲಬ್ಧ ಆಗಲೇ ಹನ್ನೆರಡೂವರೆ ಕೋಟಿ. ನಿಮ್ಮೂರ ಬಸ್ ಸ್ಟ್ಯಾಂಡಿನ ಎದುರು ಒಂದು ಗಂಟೆ ನಿಂತು ಎಣಿಸಿ, ಆ ಅಂಕಿಯನ್ನು ಅರ್ಜಿಯಲ್ಲಿ ಬರೆಯಿರಿ. ಅಂಕಿ ಇರುವ ಅರ್ಜಿಗೆ ತೂಕ ಹೆಚ್ಚು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು.

ಹಾಗಾದರೆ ಎಲ್ಲೆಡೆ ಸುರಂಗ ತೋಡೋಣವೇ? ಬೇಡ. ಮೇಲುಸೇತುವೆ ಹತ್ತಿಳಿಯಲು ನೇರ ದಾಟುವುದಕ್ಕಿಂತ ಒಂದೂವರೆ ಪಟ್ಟು ಹೊತ್ತು ಹಿಡಿದರೆ ಹೆಚ್ಚುಕಡಿಮೆ ಯಾರೂ ಅದನ್ನು ಬಳಸುವುದಿಲ್ಲ ಎಂದು ಬ್ರಿಟನ್‌ನ ಸಂಶೋಧಕರಾದ ಮೂರ್ ಮತ್ತು ಓಲ್ಡರ್ 1965ರಲ್ಲೇ ತೋರಿಸಿದರು. ಸುರಂಗಕ್ಕೆ ಕತ್ತಲೆ, ವಾಸನೆ, ಒಂಟಿತನದ ಭಯವೂ ಕೂಡುತ್ತದೆ. ಸಂಜೆ ಏಳರ ಮೇಲೆ ಒಬ್ಬಳೇ ಹೆಣ್ಣುಮಗಳು ಇಳಿಯಲು ಹೆದರುವ ಸುರಂಗ ಊರಿನ ಅರ್ಧ ಜನಕ್ಕೆ ಇಲ್ಲದಂತೆಯೇ. ಲಂಡನ್‌ನ ಎಲಿಫೆಂಟ್ ಆ್ಯಂಡ್ ಕ್ಯಾಸಲ್ ವೃತ್ತದ ಪಾದಚಾರಿ ಸುರಂಗಗಳನ್ನು 2010ರ ದಶಕದಲ್ಲಿ ಮುಚ್ಚಿ, ನೆಲದ ಮೇಲೆಯೇ ದಾಟುವ ಪಟ್ಟೆಗಳನ್ನು ಮಾಡಿದರು. ವಾಹನ ನಿಧಾನವಾಗಬಲ್ಲ ಕಡೆಯೆಲ್ಲ ಮನುಷ್ಯ ಬಿಸಿಲು ಬೆಳಕಿನಲ್ಲೇ ದಾಟಬೇಕು. ಹೆದ್ದಾರಿ, ರೈಲುಹಳಿ, ಬಸ್ಸು ರೈಲು ನಿಲ್ದಾಣಗಳ ನಡುವಿನ ಜನಸಾಗರ, ಇಂಥಲ್ಲಿ ಸುರಂಗ ಸರಿ.

ಒಳ್ಳೆಯ ಸುರಂಗಗಳೂ ಬೇಕಾದಷ್ಟಿವೆ. 1902ರಲ್ಲಿ ತೆರೆದ ಲಂಡನ್‌ನ ಗ್ರಿನಿಚ್ ಕಾಲುಸುರಂಗ, 370 ಮೀಟರ್, ಹಗಲೂ ರಾತ್ರಿ ತೆರೆದೇ ಇರುತ್ತದೆ. ಅದನ್ನು ಕಟ್ಟಿದ್ದು ಥೇಮ್ಸ್ ನದಿಯಾಚೆಯ ಹಡಗುಕಟ್ಟೆಗೆ ಕೂಲಿಗೆ ಹೋಗುವವರಿಗಾಗಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2015ರಲ್ಲಿ ತೆರೆದ ರೈಲು ನಿಲ್ದಾಣದಡಿಯ 110 ಮೀಟರ್ ದಾರಿಯ ಗೋಡೆಗೆ ಸುಮಾರು 80 ಸಾವಿರ ನೀಲಿ ಬಿಳಿ ಹೆಂಚು ಹಚ್ಚಿ ಹಡಗುಗಳ ಚಿತ್ರ ಬಿಡಿಸಿದ್ದಾರೆ. ಮೈಸೂರಿನಲ್ಲಿ ಸಿಟಿ ಬಸ್ ನಿಲ್ದಾಣದಿಂದ ಅರಮನೆ ಕಡೆಗೆ ನೆಲದಡಿಯಲ್ಲೇ ದಾಟಬಹುದು, ದಸರೆಯ ನೂಕುನುಗ್ಗಲಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಟೊರೊಂಟೊದಲ್ಲಂತೂ 30 ಕಿ.ಮೀ.ನಷ್ಟು ನೆಲದಡಿಯ ಕಾಲುದಾರಿಗಳ ಜಾಲವೇ ಇದೆ.

ಇವನ್ನೆಲ್ಲ ಅಗೆಯುವವರು ಯಾರು? ಇದನ್ನು ನಾರಾಯಣಪೇಟೆ, ಮಕ್ತಲ್, ಗದ್ವಾಲದ ಓದುಗರು ನನಗಿಂತ ಚೆನ್ನಾಗಿ ಬಲ್ಲರು. ಈ ಸೀಮೆಯ ‘ಪಾಲಮೂರು ಕೂಲಿ’ ಎಂದರೆ ದೇಶದ ಗುತ್ತಿಗೆದಾರರಿಗೆಲ್ಲ ಗೊತ್ತು. ಅಣೆಕಟ್ಟು, ಕಾಲುವೆ, ರಸ್ತೆ, ಸುರಂಗ ಎಲ್ಲಿ ಮಣ್ಣು ಅಗೆಯಬೇಕೋ ಅಲ್ಲಿಗೆ ಮೇಸ್ತ್ರಿಯ ಹಿಂದೆ, ಮುಂಗಡದ ಸಾಲದ ಭಾರ ಹೊತ್ತು, ಮಕ್ಕಳು ಮರಿ ಸಮೇತ ಈ ಸೀಮೆಯ ಜನ ತಲೆಮಾರುಗಳಿಂದ ಹೋಗಿದ್ದಾರೆ. ಬರಗಾಲದ ಒಣ ಹೊಲ ಅವರನ್ನು ಕಳಿಸಿತು. ನಗರದ ರಸ್ತೆಯಡಿ ಆರಾಮಾಗಿ ನಡೆಯುವವರಿಗೆ ಅವರ ಊರಿನ ಹೆಸರೂ ಗೊತ್ತಿರುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಈ ಕೆಲಸದ ಅಪಾಯ ಪಕ್ಕದಲ್ಲೇ ಇದೆ. ನಾಗರಕರ್ನೂಲ್ ಜಿಲ್ಲೆಯ ದೋಮಲಪೆಂಟದ ಬಳಿ, ಶ್ರೀಶೈಲಂ ಎಡದಂಡೆ ಕಾಲುವೆಗಾಗಿ ತೋಡುತ್ತಿದ್ದ ಸುರಂಗದ ಚಾವಣಿ 2025ರ ಫೆಬ್ರವರಿ 22ರಂದು ಕುಸಿದು ಎಂಟು ಜನ ಒಳಗೆ ಸಿಲುಕಿದರು. ಉತ್ತರಾಖಂಡದ ಸಿಲ್ಕ್ಯಾರದಲ್ಲಿ 2023ರ ನವೆಂಬರ್‌ನಲ್ಲಿ 41 ಮಂದಿ 17 ದಿನ ಸಿಕ್ಕಿಕೊಂಡಿದ್ದರು. ಅಲ್ಲಿ ದೊಡ್ಡ ಕೊರೆಯುವ ಯಂತ್ರ ಮುರಿದ ಮೇಲೆ, ಉಳಿದ ಹತ್ತು ಹನ್ನೆರಡು ಮೀಟರನ್ನು ಪೈಪಿನೊಳಗೆ ನುಸುಳಿ ಕೈಯಿಂದ ಅಗೆದು ಎಲ್ಲರನ್ನೂ ಜೀವಂತ ಹೊರತಂದವರು ಇಲಿಬಿಲ ಗಣಿಯ ಕೂಲಿಗಳು.

ಕಟ್ಟಡ ಕೆಲಸಕ್ಕೆ ಹೋಗುವ ಪ್ರತಿ ಮನೆಗೂ ಮುಟ್ಟಬೇಕಾದ ಒಂದು ಮಾತು. ನಿರ್ಮಾಣ ಕಾಮಗಾರಿಗಳ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ಹಿಡಿದು ಕಾರ್ಮಿಕರ ಕಲ್ಯಾಣ ನಿಧಿಗೆ ಹಾಕುತ್ತಾರೆ. 1996ರ ಕಾನೂನಿನಿಂದ ಶುರುವಾದ ಪದ್ಧತಿ ಇದು. ಸುರಂಗ, ಸೇತುವೆ, ರಸ್ತೆ, ಕಾಲುವೆ ಎಲ್ಲ ಇದರಲ್ಲಿ ಸೇರುತ್ತವೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ್ದರೆ, ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನೋಂದಾಯಿಸಿದವರ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ನೆರವಿದೆ. ಬೆಂಗಳೂರಿನಲ್ಲಿ ದುಡಿಯುವ ತೆಲಂಗಾಣದವರಿಗೂ ಕರ್ನಾಟಕದ ಮಂಡಳಿಯ ಬಾಗಿಲು ತೆರೆದಿದೆ. ಹೋಗುವಾಗ ಆಧಾರ್ ಜೊತೆಗೆ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಒಯ್ಯಿರಿ.